ಗುಲಾಬಿ ಚೀಟಿ

ಚೀಟಿಯ ಉಪಾಯ ನನ್ನದೇ. ಮೊದಲೇ ಹೇಳಿಬಿಡುತ್ತೇನೆ. ಈ ಕಥೆ ಕೇಳಿದವರಿಗೆ ಕಬ್ಬಿಗೆ ಕೂಲಿಯಾಳು ಒಯ್ಯುವ ಮುಕಾದಮನ ಮೇಲೆ ಸಿಟ್ಟು ಬರುತ್ತದೆ, ನನ್ನ ತಮ್ಮನ ಮೇಲೂ ಬರುತ್ತದೆ. ಬರಲಿ. ಆದರೆ ಬೈಸಿಕೊಳ್ಳುವವರ ಸಾಲಿನಲ್ಲಿ ಮೊದಲು ನಿಲ್ಲಬೇಕಾದವಳು ನಾನು.

ನನ್ನ ಹೆಸರು ಅಂಜನಾಬಾಯಿ. ಭಾಲ್ಕಿ ತಾಲೂಕಿನ ಮೆಹಕರದಲ್ಲಿ ಹನ್ನೊಂದು ವರ್ಷದಿಂದ ಆಶಾ ಕಾರ್ಯಕರ್ತೆ. ಯಾರ ಮಗುವಿಗೆ ಎರಡನೇ ಸೂಜಿ ಬಾಕಿ ಇದೆ, ಯಾರಿಗೆ ಎಷ್ಟನೇ ತಿಂಗಳು, ಯಾವ ಅತ್ತೆ ಸೊಸೆಯನ್ನು ದವಾಖಾನೆಗೆ ಕಳಿಸಲು ಒಪ್ಪುವುದಿಲ್ಲ, ಎಲ್ಲ ನನಗೆ ಗೊತ್ತು. ಇಷ್ಟೆಲ್ಲ ಗೊತ್ತಿದ್ದವಳಿಗೆ ಸ್ವಲ್ಪ ಸೊಕ್ಕೂ ಇರುತ್ತದೆ. ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಎರಡು ಸಾವಿರದ ಹದಿನೆಂಟರ ಮಳೆಗಾಲವದು. ಮೃಗಶಿರಾ ಮಳೆ ಬಂದಂತೆ ಮಾಡಿ ಎಲ್ಲರಿಂದ ಸೋಯಾ, ಉದ್ದು, ಹೆಸರು ಬಿತ್ತಿಸಿಕೊಂಡು ಹೋಯಿತು, ತಿರುಗಿ ಬರಲಿಲ್ಲ. ಶ್ರಾವಣದ ಹೊತ್ತಿಗೆ ಹೊಲಗಳಲ್ಲಿ ದನ ಬಿಟ್ಟಿದ್ದರು. ಕಬ್ಬು ಕಡಿಯಲು ಗಡಿಯಾಚೆ ಹೋಗುವುದು ನಮ್ಮೂರಿಗೆ ಹೊಸದಲ್ಲ. ದಸರೆ ಮುಗಿದ ಮೇಲೆ ಲಾರಿ ಹತ್ತಿದರೆ ಯುಗಾದಿಗೆ ಬರುವುದು. ಆದರೆ ಆ ವರ್ಷ ಹೊಲ ಇದ್ದವರೂ ಹೊರಟರು. ನನ್ನ ತಮ್ಮ ಮಾಣಿಕ, ಅವನ ಹೆಂಡತಿ ಶಾಲುಬಾಯಿ ಅದರ ಹಿಂದಿನ ವರ್ಷದಿಂದಲೇ ಹೋಗುತ್ತಿದ್ದರು. ಶಾಲುಗೆ ಇಪ್ಪತ್ಮೂರು. ಮೂರು ವರ್ಷದ ಒಬ್ಬಳೇ ಮಗಳು. ಮಗಳನ್ನು ನಮ್ಮವ್ವ ಮೀರಾಬಾಯಿಯ ಹತ್ತಿರ ಬಿಟ್ಟು ಹೋಗುವಾಗ ಊರ ಅಗಸಿ ದಾಟುವವರೆಗೂ ಅಳುತ್ತಿದ್ದಳು.

ಅದೇ ಶ್ರಾವಣದಲ್ಲಿ ಭಾಲ್ಕಿಯಲ್ಲಿ ಮೀಟಿಂಗ್ ಕರೆದರು. ಒಂದು ಸಂಸ್ಥೆ ಮಹಿಳೆಯರ ಆರೋಗ್ಯದ ಸರ್ವೆ ಮಾಡುತ್ತಿತ್ತು. ಅದರ ಮೇಲ್ವಿಚಾರಕರು ಬೀದರಿನ ಶಿವರಾಜಪ್ಪನವರು. ಒಳ್ಳೆಯ ಮನುಷ್ಯ, ಆದರೆ ಶೇಕಡಾವಾರು ಬಿಟ್ಟು ಬೇರೆ ಭಾಷೆ ಬಾರದು. ಹಿಂದಿನ ವರ್ಷ ನೂರು ಹೆಂಗಸರಲ್ಲಿ ನಲವತ್ತು ಜನ ಮಾತ್ರ ಉತ್ತರ ಕೊಟ್ಟಿದ್ದರು. ಔರಾದ ಕಡೆಯ ಚಿಂತಾಕಿಯಲ್ಲಿ ಅದೂ ಇಲ್ಲ. ಉಳಿದ ಮನೆಗಳಿಗೆ ಬೀಗ. ಬೀಗ ಇಲ್ಲದ ಕಡೆ "ಎಲ್ಲಾ ಚಲೋ ಅದ, ಹೋಗಿ ಬರ್ರಿ" ಎಂಬ ಉತ್ತರ.

"ಹೆಣ್ಮಕ್ಕಳು ಯಾಕ ಮಾತಾಡಾಂಗಿಲ್ಲ? ನೀವೇ ಹೇಳ್ರಿ" ಎಂದರು ಶಿವರಾಜಪ್ಪನವರು.

ಎಲ್ಲರೂ ನೆಲ ನೋಡಿದರು. ನಾನು ಎದ್ದು ನಿಂತೆ. ಎದ್ದು ನಿಲ್ಲುವುದು ನನ್ನ ಚಾಳಿ.

"ಸರ್, ನಾವು ಬರಕೊಂಡು ಹೋಗ್ತೇವಿ. ಅವರ ಕೈಯಾಗ ಏನ್ ಉಳೀತದರಿ? ನಮ್ಮ ಮಂದಿ ಮನಿಗಿ ಬೆಂಕಿ ಹತ್ತಿದ್ರ ಮೊದಲ ರೇಷನ್ ಕಾರ್ಡ್ ತಗೊಂಡು ಓಡ್ತಾರ. ಕೈಯಾಗ ಒಂದು ಚೀಟಿ ಕೊಡ್ರಿ. ತಕಲೀಫ ಇದ್ದಾಕಿಗಿ ಒಂದು ಬಣ್ಣದ್ದು, ಇಲ್ಲದಾಕಿಗಿ ಒಂದು ಬಣ್ಣದ್ದು. ತಕಲೀಫದ ಚೀಟಿ ತಂದಾಕಿನ್ನ ಭಾಲ್ಕಿ ದವಾಖಾನಿದಾಗ ಪಾಳಿ ಇಲ್ಲದಾಂಗ ನೋಡ್ಲಿ. ಫಾಯದಾ ಅದ ಅಂದ್ರ ಮಾತಾಡ್ತಾರ."

ಶಿವರಾಜಪ್ಪನವರು ಎಷ್ಟು ಖುಷಿಯಾದರೆಂದರೆ ನನ್ನನ್ನು ಮುಂದಿನ ಕುರ್ಚಿಗೆ ಕರೆದು ಕೂರಿಸಿ ಎರಡನೇ ಚಹಾ ತರಿಸಿದರು. ಹತ್ತು ದಿನದಲ್ಲಿ ಚೀಟಿ ಅಚ್ಚಾಗಿ ಬಂದವು. ತೊಂದರೆ, ತಕಲೀಫ ಇದ್ದವರಿಗೆ ಗುಲಾಬಿ, ಇಲ್ಲದವರಿಗೆ ಬಿಳಿ.

ಎರಡನೇ ಉಪಾಯವೂ ನನ್ನದೇ. ಮೆಹಕರದ ದುಡಿಯುವ ಹೆಂಗಸರೆಲ್ಲ ಒಂದೇ ಕಡೆ ಸೇರುವುದು ವರ್ಷದಲ್ಲಿ ಒಂದೇ ದಿನ, ಕೋಯ್ತಾ ಬರೆಸುವ ದಿನ. ಕೋಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಆದರೆ ಮುಕಾದಮನ ಬಾಯಲ್ಲಿ ಕೋಯ್ತಾ ಎಂದರೆ ಗಂಡ ಹೆಂಡತಿ ಇಬ್ಬರೂ ಕೂಡಿ ಒಂದು. ಗಂಡ ಕಡಿಯಬೇಕು, ಹೆಂಡತಿ ಕಟ್ಟಿ ಲಾರಿಗೆ ಹೊರಬೇಕು. ಒಬ್ಬರು ಮಲಗಿದರೆ ಕೋಯ್ತಾ ಮುರಿಯಿತು. ಶ್ರಾವಣ ಮುಗಿಯುವ ಮುಂಚೆ ಮುಕಾದಮ ಮಚ್ಛೇಂದ್ರ ಸಮಾಜ ಮಂದಿರದ ಎದುರಿನ ಬೇವಿನ ಕೆಳಗೆ ಕೂತು, ಗಂಡ ಹೆಂಡತಿಯನ್ನು ಜೋಡಿಯಾಗಿ ನಿಲ್ಲಿಸಿ ನೋಡಿ, ಆ ವರ್ಷದ ಕೋಯ್ತಾಗಳ ಹೆಸರು ಬರೆದುಕೊಳ್ಳುತ್ತಿದ್ದ.

ಅವನ ಹತ್ತಿರ ಹೋಗಿ ಕೇಳಿದೆ. "ಅವತ್ತೇ ನಾನೂ ಸರ್ವೆ ಮಾಡ್ತೇನಿ. ನೀ ಜರಾ ಎಲ್ಲಾರಿಗೂ ಹೇಳು."

"ಹೇಳ್ತೇನಿ ತಗೊ ಬಾಯಿ. ಒಬ್ಬಾಕಿನೂ ತಪ್ಪಾಂಗಿಲ್ಲ" ಎಂದ. ಹೇಳಿದಂತೆಯೇ ಮಾಡಿದ. ನಲವತ್ತಮೂರು ಹೆಂಗಸರಲ್ಲಿ ನಲವತ್ತೊಂದು ಜನ ಬಂದರು.

ನಾನೇನು ದಡ್ಡಿಯಲ್ಲ. ಗುಟ್ಟಿನ ಮಾತು ಗಂಡಸರ ಕಿವಿಗೆ ಬೀಳಬಾರದೆಂದು ಸಮಾಜ ಮಂದಿರದ ಒಳಗೆ ನನ್ನದೇ ಹಳೆಯ ಸೀರೆ ಕಟ್ಟಿ ಮರೆ ಮಾಡಿದೆ. ಗಂಡಸರನ್ನು ಬೇವಿನ ಗಿಡದ ಆಚೆಗೆ ಅಟ್ಟಿದೆ. ಒಬ್ಬೊಬ್ಬರನ್ನೇ ಒಳಗೆ ಕರೆದು, ಬಾಬಾಸಾಹೇಬರ ಫೋಟೋದ ಕೆಳಗೆ ಕೂರಿಸಿ, "ನಿನ್ನ ಮಾತು ನನ್ನ ಹಂತ್ಯಾಕೇ ಇರ್ತದ, ಯಾರಿಗೂ ಗೊತ್ತಾಗಾಂಗಿಲ್ಲ" ಎಂದು ಆಣೆ ಮಾಡಿ ಹೇಳಿದೆ. ಅವರು ನಂಬಿದರು. ಇಷ್ಟು ವರ್ಷ ಹೇಳದ್ದನ್ನು ಅವತ್ತು ಹೇಳಿದರು. ಕೆಲವರು ಅತ್ತರು. ನಾನು ಬರೆದುಕೊಂಡೆ, ಒಳಗೊಳಗೆ ಹಿಗ್ಗುತ್ತ.

ಶಾಲು ಬಂದಾಗ ಮಧ್ಯಾಹ್ನ. ಮನೆಯವಳೇ ಆದರೂ ಫಾರ್ಮಿನ ಪ್ರಕಾರವೇ ಕೇಳಿದೆ.

"ಮುಟ್ಟು ಎಷ್ಟು ದಿನ ಇರ್ತದ?"

"ಹತ್ತು, ಹನ್ನೆರಡು. ಹೋದ ವರ್ಷ ಕಬ್ಬಿನಾಗ ಇದ್ದಾಗಿಂದ ಹಿಂಗೇ. ಮ್ಯಾಲ ಹೊರಿ ಇರ್ತದ, ಕೆಳಗ ಹರೀತದ. ಬದಲಿಸಾಕ ಎಲ್ಲಿ ಹೋಗ್ಲಿ ಅಕ್ಕಾ? ಒಂದು ದಿನ ಕುಂತ್ರ ಮುಕಾದಮ ಒದರ್ತಾನ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ನೀ ಕೇಳಲೇ ಇಲ್ಲ."

ಮುಂದಿನ ಪ್ರಶ್ನೆ: ಇನ್ನು ಮಕ್ಕಳು ಬೇಕೇ? ಶಾಲು ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ನಕ್ಕಳು. "ಬೇಕು ಅಂತ ಬರಿ. ಗಟ್ಟಿ ಬರಿ. ಪೋರಿ ಒಬ್ಬಾಕಿನೇ ಆಡ್ತಾಳ."

ಬರೆದೆ. ಗುಲಾಬಿ ಚೀಟಿಗೆ ಹೆಸರು ಹಾಕಿ, ಸಿಕ್ಕಾ ಒತ್ತಿ ಕೊಟ್ಟೆ. ಆ ಸಿಕ್ಕಾದ ಮಸಿ ಬೇಗ ಒಣಗುತ್ತಿರಲಿಲ್ಲ. ಬೆಳಗಿನಿಂದ ಎಲ್ಲರಿಗೂ ಹೇಳಿದ್ದನ್ನೇ ಅವಳಿಗೂ ಹೇಳಿದೆ. "ಮಡಚಬ್ಯಾಡ, ಅಳಿಸಿ ಹೋಗ್ತದ. ಕೈಯಾಗ ಹಿಡಕೊಂಡು ಹೋಗು."

ಅವಳು ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ಹೋದಳು. ಅವಳಿಗಿಂತ ಮೊದಲು ಹೋದವರೂ ಹಾಗೆಯೇ ಹೋಗಿದ್ದರು. ಸಮಾಜ ಮಂದಿರಕ್ಕೆ ಇರುವುದು ಒಂದೇ ಬಾಗಿಲು. ಬಾಗಿಲ ಎದುರಿಗೆ ಬೇವು. ಬೇವಿನ ಕೆಳಗೆ ಬುಕ್ಕು ತೆರೆದುಕೊಂಡು ಮಚ್ಛೇಂದ್ರ. ಅವನಿಗೆ ಯಾರ ಗುಟ್ಟನ್ನೂ ಕೇಳಿಸಿಕೊಳ್ಳುವ ಅಗತ್ಯ ಇರಲಿಲ್ಲ. ಬಣ್ಣ ಕಂಡರೆ ಸಾಕಿತ್ತು.

ಸಂಜೆ ಮಾಣಿಕ ನನ್ನ ಮನೆಗೆ ಬಂದ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.

"ಏನ್ ಬರದು ಕೊಟ್ಟಿದಿ ಆಕಿಗಿ? ನಮ್ಮ ಕೋಯ್ತಾ ಬರಕೊಳ್ಳಲಿಲ್ಲ ಅಂವ."

"ಯಾಕ?"

"ಗುಲಾಬಿ ಚೀಟಿದವರು ಹದಿನೇಳು ಮಂದಿ. ಹದಿನೇಳೂ ಜೋಡಿ ಬ್ಯಾರೆ ನಿಂದ್ರಿಸಿದ. ಬರೋ ಶನಿವಾರದ ಒಳಗ ಸರಿ ಮಾಡಿಸಿಕೊಂಡು ಬರ್ರಿ, ಇಲ್ಲಂದ್ರ ಬ್ಯಾರೆ ಊರಾಗಿನ ಕೋಯ್ತಾ ನೋಡ್ಕೋತೇನಿ ಅಂದ."

ನಿಂತ ಮೆಟ್ಟಿನಲ್ಲೇ ಮಚ್ಛೇಂದ್ರನ ಮನೆಗೆ ಹೋದೆ. ಅವನು ಜಗಲಿಯ ಮೇಲೆ ಮೊಮ್ಮಗನಿಗೆ ಉಣಿಸುತ್ತಿದ್ದ. ನನ್ನನ್ನು ಕಂಡು ಹೆಂಡತಿಗೆ ಚಹಾ ಇಡಲು ಹೇಳಿದ. ಮನುಷ್ಯ ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಇದು ನ್ಯಾಯ ಅಲ್ಲ ಮಚ್ಛೇಂದ್ರ. ಆ ಚೀಟಿ ಇಲಾಜಿಗಿ ಕೊಟ್ಟದ್ದು."

"ನಾನೂ ಇಲಾಜೇ ಮಾಡಿಸ್ಕೊರಿ ಅಂದೀನಿ. ಬ್ಯಾರೆ ಏನ್ ಅಂದೀನಿ? ಇಷ್ಟು ವರ್ಷ ಕಬ್ಬಿನಾಗ ಹೋದ ಮ್ಯಾಲ ಗೊತ್ತಾಗ್ತಿತ್ತು ಯಾರಿಗಿ ತಕಲೀಫ ಅದಂತ. ಈ ವರ್ಷ ನೀ ಮೊದಲೇ ತೋರಿಸಿದಿ. ಚೀಲ ತೆಗಿಸಿಬಿಟ್ರ ಮುಟ್ಟಿಲ್ಲ, ಮೈಲಿಗಿಲ್ಲ. ದಸರಾಕ್ಕಿನ್ನ ಎರಡು ತಿಂಗಳದ, ಹೊಲಿಗಿ ಮಾಯ್ತಾವ."

"ಗರ್ಭಚೀಲ ಅಂದ್ರ ಗೋಣಿಚೀಲ ಏನೋ, ಬೇಕಾದಾಗ ತೆಗದು ಒಗಿಲಿಕ್ಕ?"

ಅವನು ಸಿಟ್ಟಾಗಲಿಲ್ಲ. ಒಳಗಿದ್ದ ಹೆಂಡತಿಯ ಕಡೆ ಕೈ ಮಾಡಿದ. "ಆಕಿದೂ ತೆಗಿಸೀನಿ. ಎಂಟು ವರ್ಷಾತು. ನಾ ಏನ್ ಮಂದಿ ಹೆಣ್ಮಕ್ಕಳಿಗಿ ಒಂದು, ನನ್ನ ಹೆಣ್ತಿಗಿ ಒಂದು ಮಾಡೀನೇನು?"

ಅವನ ಹೆಂಡತಿ ಚಹಾ ತಂದಿಟ್ಟು, ಸೊಂಟ ಹಿಡಿದುಕೊಂಡು ಮೆಲ್ಲಗೆ ಒಳಗೆ ಹೋದಳು. ನಾನು ಆ ಚಹಾ ಕುಡಿಯಲಿಲ್ಲ.

ಹದಿನೇಳು ಮನೆಗೂ ಹೋದೆ. ಗುಲಾಬಿ ಚೀಟಿ ವಾಪಸು ಕೊಡಿ, ಬಿಳಿಯದು ಕೊಡುತ್ತೇನೆ ಎಂದೆ. ಈಗ ಕೊಟ್ಟು ಏನು ಬಂತು, ಅವನು ನೋಡಿಯಾಯಿತಲ್ಲ ಎಂದರು. ಕೆಲವರು ಬಾಗಿಲನ್ನೇ ತೆರೆಯಲಿಲ್ಲ.

ಗುರುವಾರ ಶಾಲುವನ್ನು ನಾನೇ ಭಾಲ್ಕಿಗೆ ಕರೆದುಕೊಂಡು ಹೋದೆ. ಚೀಟಿ ನೋಡಿ ಪಾಳಿ ಇಲ್ಲದೆ ಒಳಗೆ ಬಿಟ್ಟರು. ಅಷ್ಟರಮಟ್ಟಿಗೆ ನನ್ನ ಉಪಾಯ ಸರಿ ಇತ್ತು. ಡಾಕ್ಟರಮ್ಮ ಬಹಳ ಹೊತ್ತು ನೋಡಿದರು, ರಕ್ತ ತೆಗೆಸಿದರು, ಸ್ಕ್ಯಾನ್ ಮಾಡಿಸಿದರು.

"ಮೈಯಲ್ಲಿ ರಕ್ತ ಕಡಿಮೆ ಇದೆ. ಮೂರು ತಿಂಗಳು ಗುಳಿಗೆ ತಗೊಳ್ಳಲಿ, ಭಾರ ಎತ್ತಬಾರದು. ಗರ್ಭಕೋಶ ಚೆನ್ನಾಗಿದೆ. ತೆಗೆಯೋ ಮಾತು ಯಾರು ಹೇಳಿದ್ದು? ಇವಳಿಗಿನ್ನೂ ಇಪ್ಪತ್ಮೂರು" ಎಂದು ನನ್ನನ್ನೇ ಬೈದರು. ಬೈಸಿಕೊಂಡು ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಬಸ್ಸಿನಲ್ಲಿ ಶಾಲು ಗುಳಿಗೆಯ ಪೊಟ್ಟಣವನ್ನು ಸೆರಗಿನಲ್ಲಿ ಕಟ್ಟಿಕೊಂಡು, ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ಊರ ಹತ್ತಿರ ಬಂದಾಗ ಎಚ್ಚರವಾಗಿ ಕೇಳಿದಳು.

"ಶನಿವಾರ ಮುಕಾದಮ ಮನಿಗಿ ಬರ್ತಾನ. ನೀ ಇರ್ತಿ ಅಲ್ಲ ಅಕ್ಕಾ? ಡಾಕ್ಟರಮ್ಮ ಹೇಳಿದ್ದು ನೀ ಹೇಳಿದ್ರ ಕೇಳ್ತಾರ. ನಾ ಹೇಳಿದ್ರ ನಮ್ಮವರೂ ಕೇಳಾಂಗಿಲ್ಲ."

"ಇರ್ತೇನಿ. ನಾ ಎಲ್ಲಿ ಹೋಗ್ತೇನಿ?"

ಎಲ್ಲಿ ಹೋದೆ ಎಂದರೆ ಬೀದರಿಗೆ ಹೋದೆ. ಶುಕ್ರವಾರ ಶಿವರಾಜಪ್ಪನವರ ಫೋನು ಬಂತು. ಮೆಹಕರದಲ್ಲಿ ಭಾಗವಹಿಸುವಿಕೆ ಶೇಕಡಾ ತೊಂಬತ್ತೈದು ದಾಟಿದೆ, ಜಿಲ್ಲೆಗೇ ಮೊದಲು, ಶನಿವಾರ ಸನ್ಮಾನ ಇಟ್ಟಿದ್ದೇವೆ, ದೊಡ್ಡವರೆಲ್ಲ ಬರುತ್ತಾರೆ ಎಂದರು. ಬರುವುದಕ್ಕೆ ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ತೆರೆದ ಬಾಯಿಂದ "ಹೂಂ ಸರ್" ಎಂದು ಬಂತು. ಶಾಲುಗೆ, "ಮಧ್ಯಾಹ್ನದಾಗ ಬಂದುಬಿಡ್ತೇನಿ. ಅಂವ ಬಂದ್ರ ನನಗ ಫೋನ್ ಹಚ್ಚು, ಫೋನಿನಾಗೇ ಮಾತಾಡ್ತೇನಿ" ಎಂದೆ. ಶಾಲು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಹೋಗಬ್ಯಾಡ ಅಕ್ಕಾ, ಒಂದು ದಿನ" ಎಂದಳು. ಒಂದೇ ಸಲ ಅಂದಳು. ಎರಡು ಸಲ ಅಂದಿದ್ದರೆ ನಿಲ್ಲುತ್ತಿದ್ದೆನೇನೋ ಎಂದು ಎಷ್ಟೋ ಸಾರಿ ಅಂದುಕೊಂಡಿದ್ದೇನೆ. ಅದೂ ಸುಳ್ಳು. ನನಗೆ ಸನ್ಮಾನದ ಶಾಲು ಹೊದೆಸಿಕೊಳ್ಳುವ ಆಸೆ ಇತ್ತು, ಹೋದೆ.

ಸಭೆ ಹನ್ನೊಂದಕ್ಕೆ ಎಂದಿದ್ದು ಎರಡಕ್ಕೆ ಶುರುವಾಯಿತು. ವೇದಿಕೆಯ ಮೇಲೆ ಫೋನು ಬಂದ್ ಮಾಡಿಸಿದರು. ಶಿವರಾಜಪ್ಪನವರು ಮೈಕಿನಲ್ಲಿ ಮೆಹಕರದ ಹೆಸರು ಐದು ಸಲ ಹೇಳಿದರು. ಮುಂದಿನ ತಿಂಗಳಿಂದ ಭಾತಂಬ್ರಾ, ಚಿಂತಾಕಿ, ಎಲ್ಲ ಕಡೆಗೂ ಎರಡು ಬಣ್ಣದ ಚೀಟಿ ಎಂದು ಸಾರಿದರು. ಚಪ್ಪಾಳೆ ಬಿತ್ತು. ಮುಕಾದಮ, ಹದಿನೇಳು ಜೋಡಿ, ಎಲ್ಲವನ್ನೂ ಅಲ್ಲೇ ಹೇಳಬೇಕೆಂದು ಹೋಗಿದ್ದೆ. ಮೈಕು ನನ್ನ ಕೈಗೆ ಬಂದಾಗ "ಎಲ್ಲರಿಗೂ ಶರಣು, ಜೈಭೀಮ" ಎಂದು ಕೂತುಬಿಟ್ಟೆ.

ಬಸ್ಸು ಹತ್ತಿ ಫೋನು ತೆರೆದರೆ ಮಾಣಿಕನ ನಂಬರಿನಿಂದ ಮೂರು ಕರೆ ಬಂದು ಹೋದವೆಂದು ಮೆಸೇಜು ಇತ್ತು. ತಿರುಗಿ ಮಾಡಿದರೆ ಎತ್ತಲಿಲ್ಲ.

ತಮ್ಮನ ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅವ್ವ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ನನ್ನ ಹೆಗಲ ಮೇಲಿನ ಶಾಲನ್ನು ನೋಡಿದಳು.

"ಜೀಪ್ ತಂದಿದ್ದ ಮಚ್ಛೇಂದ್ರ. ಮೂರು ತಿಂಗಳು ಗುಳಿಗಿ ಅಂದದ್ದಕ್ಕ, ಕಬ್ಬು ಮೂರು ತಿಂಗಳು ನಿಂದ್ರತದೇನು ಅಂದ. ಐದು ಮಂದಿನ್ನ ಒಮ್ಮಿಗೇ ಕರಕೊಂಡು ಹೋದ್ರು, ಗಡಿ ಆಚಿ ನರ್ಸಿಂಗ್ ಹೋಮಿಗಿ. ಮಾಣಿಕನೂ ಹೋಗ್ಯಾನ."

"ನೀ ಯಾಕ ಬಿಟ್ಟಿ ಅವ್ವಾ?"

"ನಾ ಹಿಡ್ದೆ. ಆಕಿನೇ ಕೈ ಬಿಡಿಸಿಕೊಂಡು ಹತ್ತಿದ್ಳು. ಅಕ್ಕ ಫೋನ್ ಎತ್ತಲಿಲ್ಲ ಅಂದ್ಳು."

ಮಂಗಳವಾರ ಕರೆತಂದರು. ಶಾಲು ಗೋಡೆ ಹಿಡಿದು ನಡೆದು ಬಂದಳು. ಅಲ್ಲಿಯ ಡಾಕ್ಟರು ಗುಲಾಬಿ ಚೀಟಿಯನ್ನು ಕೇಳಿ ಪಡೆದು ತನ್ನ ಫೈಲಿಗೆ ಹಚ್ಚಿಕೊಂಡನಂತೆ. ಸರ್ವೆಯವರೇ ರೋಗ ಅಂತ ಬರೆದಿದ್ದಾರಲ್ಲ, ಇನ್ನೇನು ಪರೀಕ್ಷೆ ಎಂದನಂತೆ. ಹದಿನೇಳರಲ್ಲಿ ಹನ್ನೊಂದು ಜನ ಹಾಗೆ ಹೋಗಿ ಬಂದರು. ಉಳಿದ ಆರು ಜೋಡಿ ಹೈದರಾಬಾದಿಗೆ ಇಟ್ಟಿಗೆ ಹೊರಲು ಹೋದರು.

ಮಾಣಿಕನಿಗೆ ಬಾಯಿಗೆ ಬಂದಂತೆ ಬೈದೆ. ಅವನು ತಲೆ ಎತ್ತಲಿಲ್ಲ. "ಹೊಲದಾಗ ಏನದ ಅಕ್ಕಾ? ಬಾವ್ಯಾಗ ಏನದ? ನೀನೇ ಹೇಳು, ನಾ ಏನ್ ಮಾಡ್ಲಿ?" ಎಂದು ಸಣ್ಣ ಹುಡುಗನಂತೆ ಅತ್ತ. ಶಾಲು ಮಾತ್ರ ಅಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು, "ಮೂರು ಸಲ ಹಚ್ಚಿದೆ ಅಕ್ಕಾ" ಎಂದಳು.

ದಸರೆಗೆ ಲಾರಿ ಬಂತು. ಹೊಲಿಗೆ ಪೂರ್ತಿ ಮಾಯುವ ಮೊದಲೇ ಹತ್ತಿದಳು.

ಮರುವರ್ಷವೂ ಮಳೆ ಅಷ್ಟಕ್ಕಷ್ಟೇ. ಮತ್ತೆ ಸರ್ವೆ ಬಂತು. ಕೆಲಸ ಬಿಡಬೇಕೆಂದುಕೊಂಡೆ, ಬಿಡಲಿಲ್ಲ. ಶಿವರಾಜಪ್ಪನವರ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿ, ಬಣ್ಣದ ಚೀಟಿ ನಿಲ್ಲಿಸಿ ಎಂದೆ. ಅವರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಕರವಸ್ತ್ರ ತೆಗೆದು ಒರೆಸಿಕೊಂಡು ಹೇಳಿದರು. "ಆದ್ರ ಅಂಜನಾಬಾಯಿ, ಚೀಟಿ ಜಿಲ್ಲಾ ತುಂಬ ಅಚ್ಚಾಗ್ಯಾವ. ಚಿಂತಾಕಿದಾಗೂ ಎಂಬತ್ತು ಪರ್ಸೆಂಟ್ ಬಂದದ."

ಮೆಹಕರದಲ್ಲಿ ನಾನು ಚೀಟಿ ಹಂಚಲಿಲ್ಲ. ಕಟ್ಟು ಬಿಚ್ಚದೆ ಅಟ್ಟದ ಮೇಲೆ ಎಸೆದೆ. ಮುಕಾದಮನ ನೆರಳಿಗೂ ಹೋಗದೆ ಒಂದೊಂದೇ ಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ ಕೇಳಿದೆ. ಎಲ್ಲರೂ ಕೂತರು. ಎಲ್ಲರೂ ಉತ್ತರ ಕೊಟ್ಟರು. ಹೆಚ್ಚು ರಕ್ತ ಹೋಗುತ್ತದೆಯೇ? ಇಲ್ಲ. ಹೊಟ್ಟೆ ನೋವು? ಇಲ್ಲ. ಹಿಂದಿನ ವರ್ಷ ನನ್ನ ಎದುರು ಅತ್ತು, ಹೈದರಾಬಾದಿಗೆ ಹೋಗಿ ಬಂದವರೂ ನನ್ನ ಮುಖ ನೋಡುತ್ತ ಇಲ್ಲ ಎಂದರು. ಒಬ್ಬಳು ಇಲ್ಲ ಎನ್ನುವಾಗ ಅವಳ ಸೀರೆಯಲ್ಲಿ ಕಲೆ ಕಾಣುತ್ತಿತ್ತು. ನಾನು ಇಲ್ಲ ಎಂದೇ ಬರೆದೆ.

ಕೊನೆಗೆ ತಮ್ಮನ ಮನೆ. ಅವ್ವನೂ ಶಾಲುವೂ ಪಡಸಾಲೆಯಲ್ಲಿ ಜೊತೆಗೆ ಕೂತರು. ಮುಟ್ಟು ನಿಂತವರನ್ನು ನೇರ ಮೂರನೇ ಭಾಗಕ್ಕೆ ಒಯ್ಯಿರಿ ಎಂದು ಫಾರ್ಮಿನಲ್ಲಿ ಇರುತ್ತದೆ. ಐವತ್ತು ದಾಟಿದ ಹೆಂಗಸರಿಗಾಗಿ ಮಾಡಿದ ಭಾಗವದು. ಇಬ್ಬರಿಗೂ ಅದನ್ನೇ ತೆಗೆದೆ.

"ಸೊಂಟ ನೋಯ್ತದೇನು?"

"ನೋಯ್ತದ" ಎಂದಳು ಅವ್ವ.

"ನೋಯ್ತದ" ಎಂದಳು ಶಾಲು.

"ಒಮ್ಮಿಂದೊಮ್ಮೆ ಮೈ ಬೆಂಕಿ ಬಿದ್ದಾಂಗ ಆಗ್ತದೇನು?"

"ಮೊದಲ ಆಗ್ತಿತ್ತು. ಈಗಿಲ್ಲ" ಎಂದಳು ಅವ್ವ.

"ನನಗ ದಿನಾ ಆಗ್ತದ" ಎಂದಳು ಶಾಲು.

ಅವಳಿಗೆ ಇಪ್ಪತ್ನಾಲ್ಕು. ಹೌದು ಎಂಬಲ್ಲಿ ಗುರುತು ಹಾಕಿದೆ. ಆ ಭಾಗ ಮುಗಿಸಿ ಫಾರ್ಮು ಮಡಚುವಾಗ ಶಾಲು ಕೇಳಿದಳು.

"ಹೋದ ವರ್ಷ ಒಂದು ಪ್ರಶ್ನಿ ಕೇಳಿದ್ದಿ ಅಕ್ಕಾ. ಇನ್ನ ಮಕ್ಕಳು ಬೇಕೇನಂತ. ಈ ಸಲ ಬಿಟ್ಟಿದಿ."

"ನಿನ್ನ ಭಾಗದಾಗ ಆ ಪ್ರಶ್ನಿ ಇಲ್ಲ ಶಾಲು."

"ಇಲ್ಲಂದ್ರ ಏನಾತು. ನೀ ಕೇಳು."

ಅವ್ವ ಎದ್ದು ಒಳಗೆ ಹೋದಳು. ನಾನು ಮೊದಲ ಭಾಗದ ಹಾಳೆ ತೆಗೆದು, ಅಲ್ಲಿ ಅಚ್ಚಾಗಿದ್ದಂತೆಯೇ ಓದಿ ಕೇಳಿದೆ. ಶಾಲು ಅಂಗಳದಲ್ಲಿ ಒಬ್ಬಳೇ ಕುಂಟಾಟ ಆಡುತ್ತಿದ್ದ ಮಗಳನ್ನು ನೋಡಿದಳು.

"ಬೇಕು ಅಂತ ಬರಿ. ಗಟ್ಟಿ ಬರಿ" ಎಂದಳು.

ಬರೆಯಲು ಜಾಗ ಇರಲಿಲ್ಲ. ಹಾಳೆಯ ಅಂಚಿನಲ್ಲಿ ಬರೆದೆ. ನಾಲ್ಕು ದಿನ ಬಿಟ್ಟು ಆ ಫಾರ್ಮು ಬೀದರಿನಿಂದ ವಾಪಸು ಬಂತು. ಮೂರನೇ ಭಾಗದವರಿಗೆ ಈ ಪ್ರಶ್ನೆ ಅನ್ವಯಿಸುವುದಿಲ್ಲ, ಅಳಿಸಿ ಕಳಿಸಿರಿ, ಇಲ್ಲದಿದ್ದರೆ ಈ ಫಾರ್ಮು ಲೆಕ್ಕಕ್ಕೆ ಹಿಡಿಯಲಾಗುವುದಿಲ್ಲ ಎಂದು ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು. ನಾನು ಅಳಿಸಲಿಲ್ಲ, ಕಳಿಸಲೂ ಇಲ್ಲ. ಅದು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಆ ವರ್ಷದ ವರದಿಯಲ್ಲಿ ಮೆಹಕರದ ಹೆಂಗಸರೆಲ್ಲ ಆರೋಗ್ಯವಾಗಿದ್ದಾರೆ, ಒಬ್ಬಳು ಮಾತ್ರ ಸರ್ವೆಯಲ್ಲಿ ಭಾಗವಹಿಸಲಿಲ್ಲ ಎಂದಿದೆ.